ಸಹಾಯ ಬೇಕು: ಮಾನಸಿಕ ಆರೋಗ್ಯದ ಲೆಕ್ಕ ಹೆಂಗ ಹಾಕಬೇಕ್ರಿ?

ಎಲ್ಲರಿಗೂ ನಮಸ್ಕಾರ್ರಿ. ನಾನು ಹಾವೇರಿ ಜಿಲ್ಲೆಯಾಕಿ. ನಮ್ಮ ತಾಲೂಕಿಗೆ ಮನೋವೈದ್ಯರು ಇನ್ನೂ ಹೆಚ್ಚು ದಿನ ಬರಬೇಕು ಅಂತ ಮನವಿ ಬರಿಯಾಕತ್ತೇವಿ. "ಆಸ್ಪತ್ರಿ ರಿಜಿಸ್ಟರ್‌ನ್ಯಾಗ ಅಷ್ಟು ಮಂದೀನ ಇಲ್ಲಲ್ಲ" ಅಂದ್ರು ಒಬ್ಬರು. ರಿಜಿಸ್ಟರ್‌ನ್ಯಾಗ ಬಂದವರಷ್ಟ ಇರ್ತಾರ. ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಬಸ್ ಹತ್ತಿ ಹೋದವರು, ದೇವರ ಹೇಳಿಕಿ ಕೇಳಾಕ ಹೋದವರು, ಮಂದಿಗೆ ಅಂಜಿ ಮನ್ಯಾಗ ಕುಂತವರು ಯಾವ ಲೆಕ್ಕಕ್ಕೂ ಸಿಗಂಗಿಲ್ಲ. ಅವರ ಸಲುವಾಗೇ ಈ ಮನವಿ.

ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಐತಿ ಅಂತ ಹೇಳತೈತಿ. ಆದ್ರ ಅದು ನಡೆದ 12 ರಾಜ್ಯದಾಗ ಕರ್ನಾಟಕ ಇಲ್ಲ. ಆ ಪ್ರಮಾಣಾನ ನಮ್ಮ ತಾಲೂಕಿಗೆ ಹಚ್ಚಬಹುದೇನ್ರಿ? ಆಶಾ ಕಾರ್ಯಕರ್ತೆಯರ ಜೋಡಿ ಮನಿ ಮನಿ ಸಮೀಕ್ಷೆ ಮಾಡಿದವರು ಇದ್ರ, ಹೆಸರು ಹೊರಬೀಳದಂಗ ಹೆಂಗ ಕೇಳಿದ್ರಿ, ದಯವಿಟ್ಟು ಹೇಳ್ರಿ. ಮಂಗಳವಾರದೊಳಗ ಮನವಿ ಕೊಡಬೇಕಾಗೈತಿ.