ಸಹಾಯ ಬೇಕು: ವಿಂಡೋಸ್ 10 ಇರುವ ಡಿಟಿಪಿ ಕಂಪ್ಯೂಟರ್‌ಗಳನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನನ್ನ ಡಿಟಿಪಿ ಅಂಗಡಿಯ ಎರಡು ಕಂಪ್ಯೂಟರ್‌ಗಳಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎರಡರಲ್ಲಿಯೂ ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್ ಇರುವುದರಿಂದ ವಿಂಡೋಸ್ 11 ಅನ್ನು ಅಧಿಕೃತವಾಗಿ ಹಾಕಲು ಬರುವುದಿಲ್ಲ. ಜನರು ಆಧಾರ್, ಪಹಣಿ, ಅಂಕಪಟ್ಟಿಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ನಂಬಿಕೆಯಿಂದ ನನ್ನ ಕೈಗೆ ಕೊಡುತ್ತಾರೆ.

ಆಂಟಿವೈರಸ್ ಇದ್ದರೆ ಸಾಕೆಂದು ಕೆಲವರು ಹೇಳಿದರೂ ನನಗೆ ಧೈರ್ಯವಿಲ್ಲ. 2017ರ ಮೇ ತಿಂಗಳಿನಲ್ಲಿ ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ, ಅದಕ್ಕೂ ಎರಡು ತಿಂಗಳು ಮೊದಲೇ ಬಂದಿದ್ದ ಅಪ್‌ಡೇಟ್ ಹಾಕಿಕೊಳ್ಳದ ಕಂಪ್ಯೂಟರ್‌ಗಳೇ ಹೆಚ್ಚಾಗಿ ಬಲಿಯಾದವು. ಬೆಂಬಲ ಮುಗಿದ ಮೇಲೂ ವ್ಯಾಪಾರಸ್ಥರಿಗೆ ಹಣಕ್ಕೆ ಸಿಗುವ ವಿಸ್ತರಿತ ಅಪ್‌ಡೇಟ್‌ನ ದರ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ.

ಲಿನಕ್ಸ್ ಮಿಂಟ್‌ಗೆ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಬದಲಾಯಿಸಿದವರು ಯಾರಾದರೂ ಇದ್ದರೆ, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ (ಯೂನಿಕೋಡ್‌ಗೂ ಮೊದಲಿನ ಅಕ್ಷರ ಸಂಕೇತ) ಕಡತಗಳನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡದಂತೆ ಹೇಗೆ ನೋಡಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಹತ್ತು ವರ್ಷಗಳ ಲಗ್ನಪತ್ರಿಕೆ, ಕರಾರುಪತ್ರಗಳೆಲ್ಲ ಅದರಲ್ಲಿಯೇ ಇವೆ.