ಹೊರದೇಶದ ಕಾಲರಾ ಶಿಬಿರಕ್ಕೆ ಹೊರಟ ವೈದ್ಯರಿಗೆ ಡ್ರಿಪ್ ಲೆಕ್ಕ?

ಪ್ರಶ್ನೆ (ಕುವೆಂಪುನಗರ, ಮೈಸೂರು)
ನಮ್ಮ ಸಹೋದ್ಯೋಗಿಯೊಬ್ಬರು ಆಫ್ರಿಕಾದ ನಿರಾಶ್ರಿತರ ಶಿಬಿರದ ಕಾಲರಾ ವಾರ್ಡಿಗೆ ಹೊರಟಿದ್ದಾರೆ. ವಾಂತಿಭೇದಿಗೆ ಒಂದೆರಡು ಬಾಟಲಿ ಹಾಕಿ ಕಳಿಸುವುದು ಇಲ್ಲಿಯ ರೂಢಿ. ಲ್ಯಾಬ್ ಇಲ್ಲದ ಕಡೆ ಲೆಕ್ಕ ಹೇಗೆ ಹಾಕ್ತಾರೆ?

ಉತ್ತರ 1 (ಮಂಡ್ಯ)
ಲ್ಯಾಬ್ ಬೇಡ ಮೇಡಂ, ತೂಕ ಮತ್ತು ನಾಡಿ ಸಾಕು. ಕಣ್ಣು ಗುಳಿಬಿದ್ದು, ಮಂಪರು ಕವಿದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿದ್ದರೆ ತಡಮಾಡಬಾರದು. ಕೆ.ಜಿ.ಗೆ 100 ಎಂ.ಎಲ್. ರಿಂಗರ್ ಲ್ಯಾಕ್ಟೇಟ್ (ನರಕ್ಕೆ ಹಾಕುವ ಲವಣದ ದ್ರವ): ಮೊದಲ ಅರ್ಧ ಗಂಟೆಯಲ್ಲಿ 30, ಮುಂದಿನ ಎರಡೂವರೆ ಗಂಟೆಯಲ್ಲಿ 70. ವರ್ಷ ತುಂಬದ ಕೂಸಿಗೆ ಅದೇ ಪ್ರಮಾಣ, ಆದರೆ 1 ಗಂಟೆ, ಆಮೇಲೆ 5 ಗಂಟೆ.

60 ಕೆ.ಜಿ. ಆಳಿಗೆ 6 ಲೀಟರ್, ಅಂದರೆ ಅರ್ಧ ಲೀಟರಿನ 12 ಬಾಟಲಿ. ಎಡವೋದು ಇಲ್ಲೇ. ಮೊದಲ ಅರ್ಧ ಗಂಟೆ ನಿಮಿಷಕ್ಕೆ 60 ಎಂ.ಎಲ್. ಹೋಗಬೇಕು, ಎಂ.ಎಲ್.ಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ ಅದು 1200 ಹನಿ! ಎಣಿಸೋ ಮಾತೇ ಇಲ್ಲ, ಧಾರೆಯಾಗಿ ಇಳಿಯಬೇಕು. ಎರಡೂ ಕೈಗೆ 16 ಅಥವಾ 18 ಗೇಜಿನ ದಪ್ಪ ಕ್ಯಾನುಲಾ (ನರಕ್ಕೆ ಚುಚ್ಚುವ ನಳಿಕೆ) ಹಾಕಿ. ಸಣ್ಣ ನೀಲಿ ಕ್ಯಾನುಲಾದಲ್ಲಿ ಇದು ಆಗದ ಕೆಲಸ. ತೀರಾ ಬಡಕಲಾದ, ಅಪೌಷ್ಟಿಕ ಮಕ್ಕಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ, ಹೃದಯ ತಡೆಯೋಲ್ಲ.

ಉತ್ತರ 2 (ಸರಸ್ವತಿಪುರಂ)
ಮೇಲಿನದು ಸರಿ. ರಿಂಗರ್ ಮುಗಿದರೆ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ನಡೆಯುತ್ತೆ, ಆದರೆ ಅದರಲ್ಲಿ ಪೊಟ್ಯಾಶಿಯಂ ಇಲ್ಲ; ಕುಡಿಯುವಷ್ಟು ಎಚ್ಚರವಾದ ತಕ್ಷಣ ಓಆರ್‌ಎಸ್ ಶುರುಮಾಡಿ. ಬರೀ ಸಕ್ಕರೆ ನೀರಿನ ಡೆಕ್ಸ್‌ಟ್ರೋಸ್ ದಂಡ.

ಓಆರ್‌ಎಸ್‌ನ 20.5 ಗ್ರಾಂ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು. ನಮ್ಮ ಮೆಡಿಕಲ್ ಸ್ಟೋರಿನ 200 ಎಂ.ಎಲ್. ಪೊಟ್ಟಣದ ಅಭ್ಯಾಸದಲ್ಲಿ ಲೋಟಕ್ಕೆ ಸುರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತೆ. ರೋಗಿಯ ಕಡೆಯವರನ್ನು ಹೊರಗಟ್ಟಬೇಡಿ, ಲೋಟ ಹಿಡಿಯುವವರು ಅವರೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಾಬಿಸ್ ಮಾಡಿದ್ದೂ ಇದೇ: ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಉಪ್ಪು, 2.5 ಅಡುಗೆ ಸೋಡಾ, ಕುಡಿಸಿದ್ದು ಮನೆಯವರು.

ಆಂಟಿಬಯೋಟಿಕ್ ಆಗಿ ಡಾಕ್ಸಿಸೈಕ್ಲಿನ್ 300 ಮಿ.ಗ್ರಾಂ. ಒಂದೇ ಸಲ, ದೊಡ್ಡವರಿಗೆ, ವಾಂತಿ ನಿಂತ ಮೇಲೆ.

ಉತ್ತರ 3 (ಮದ್ದೂರು)
ಕ್ಲೋರಿನ್ ಮರೆತಿರಿ. 70% ಕ್ಲೋರಿನ್ ಇರುವ ಪುಡಿಯಾದರೆ ಭೇದಿಯ ಬಕೆಟ್ಟಿಗೆ ಲೀಟರಿಗೆ 30 ಗ್ರಾಂ, ನೆಲಕ್ಕೆ 3 ಗ್ರಾಂ, ಕೈ ತೊಳೆಯಲು 10 ಲೀಟರಿಗೆ 7 ಗ್ರಾಂ. ಡ್ರಮ್ಮಿನ ಮೇಲೆ ದೊಡ್ಡದಾಗಿ ಬರೆಸಿ. ಭೇದಿಯ ಬಕೆಟ್ಟಿಗೆಂದು ಬೆರೆಸಿದ ನೀರಲ್ಲಿ ಕೈ ತೊಳೆದರೆ ಚರ್ಮ ಸುಲಿಯುತ್ತೆ. ಭೇದಿ ಇಳಿಯಲೆಂದು ಮಂಚಕ್ಕೆ ಕೊರೆದ ತೂತಿನ ಕೆಳಗಿನ ಬಕೆಟ್ಟಿಗೆ ಲೀಟರಿನ ಗೆರೆ ಎಳೆದಿರಬೇಕು. ಚೆಲ್ಲುವ ಮೊದಲು ಗೆರೆ ನೋಡಿ ಬರೆದಿಡಿ, ಹೋದಷ್ಟೂ ಮತ್ತೆ ತುಂಬಬೇಕಲ್ಲ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಗರ್ಭಿಣಿಯರಿಗೂ ಡಾಕ್ಸಿನೇನಾ, ಅಜಿತ್ರೊಮೈಸಿನ್ನಾ?

ಉತ್ತರ 2
ಅಜಿತ್ರೊ 1 ಗ್ರಾಂ, ಒಂದೇ ಸಲ ಕೊಟ್ಟರೆ ನಿಶ್ಚಿಂತೆ.