ಮೆಟ್ರೊದಲ್ಲಿ ಎದೆ ಡವಡವ, ಇಸಿಜಿ ನಾರ್ಮಲ್. ಪ್ಯಾನಿಕ್ ಅಟ್ಯಾಕ್ ಅಂದರು, ಮುಂದೇನು?

ಹೊಸಹಳ್ಳಿ_ಅಕ್ಕ:
ತಮ್ಮನಿಗೆ 29 ವರ್ಷ. ವಿಜಯನಗರದಿಂದ ಎಂ.ಜಿ. ರೋಡಿಗೆ ದಿನಾ ಮೆಟ್ರೊದಲ್ಲಿ ಓಡಾಡುತ್ತಿದ್ದ. ಒಂದು ದಿನ ಸುರಂಗದೊಳಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಸಾಲದೆ, ಬೆರಳು ಜುಮುಜುಮು ಅಂದು, ಸತ್ತೇ ಹೋಗ್ತೀನಿ ಅನ್ನಿಸಿತಂತೆ. ಎಮರ್ಜೆನ್ಸಿಯಲ್ಲಿ ಇಸಿಜಿ, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ಎಲ್ಲ ನಾರ್ಮಲ್. ಮೊದಲು ಗ್ಯಾಸ್ಟ್ರಿಕ್ ಅಂದರು, ಎರಡನೇ ಸಲ ಹೋದಾಗ ಪ್ಯಾನಿಕ್ ಅಟ್ಯಾಕ್ ಅಂದು ಆಲ್ಪ್ರಜೋಲಾಮ್ 0.25 ಮಿ.ಗ್ರಾಂ. ಅನ್ನುವ ಗಾಬರಿ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಈಗ ಮೆಟ್ರೊ ಬಿಟ್ಟಿದ್ದಾನೆ, ಫ್ಲೈಓವರ್ ಮೇಲೆ ಕ್ಯಾಬ್ ಹೋದರೂ ಆಗಲ್ಲ. ಮಾತ್ರೆ ದಿನಾ ಎರಡಕ್ಕೆ ಬಂದಿದೆ. ಹೃದಯದ್ದೇನಾದರೂ ತಪ್ಪಿಸಿಕೊಂಡಿರಬಹುದಾ? ಅಟ್ಯಾಕ್ ಬಂದಾಗ ಏನು ಮಾಡಬೇಕು? ಮಾತ್ರೆ ನಿಲ್ಲಿಸಬಹುದಾ?

ನಾಡಿಮಿಡಿತ:
ಆ ವಯಸ್ಸಿಗೆ ಮೂರೂ ಪರೀಕ್ಷೆ ಸರಿಯಿದ್ದರೆ ಹೃದಯದ ಪ್ರಶ್ನೆ ಬಹುಮಟ್ಟಿಗೆ ಮುಗಿದಂತೆ. ಉಳಿದಿರುವುದು ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್ ಮತ್ತು ಸಕ್ಕರೆ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿಯುತ್ತದೆ. ಬಡಿತ ತಪ್ಪಿ ತಪ್ಪಿ ಬರುತ್ತಿದ್ದರೆ ಮಾತ್ರ 24 ಗಂಟೆಯ ಹೋಲ್ಟರ್ (ಮೈಗೆ ಅಂಟಿಸಿಕೊಂಡು ಬಡಿತ ದಾಖಲಿಸುವ ಸಾಧನ). ಇಷ್ಟನ್ನು ಒಮ್ಮೆ ಮಾಡಿಸಿ ಸುಮ್ಮನಾಗಿ. ತಿಂಗಳಿಗೊಂದು ಇಸಿಜಿ ತೆಗೆಸುತ್ತಾ ಹೋದರೆ ಎರಡು ದಿನ ನೆಮ್ಮದಿ, ಮೂರನೇ ದಿನ ‘ಆಮೇಲೆ ಏನಾದರೂ ಬಂದಿದ್ದರೆ?’ ಅನ್ನುವ ಅನುಮಾನ.

ಉಸಿರು ಸಾಲದು ಅನ್ನಿಸುತ್ತದೆಯಲ್ಲ, ಆಗ ಆಮ್ಲಜನಕ ಕಡಿಮೆ ಆಗಿರುವುದಿಲ್ಲ. ಭಯದಲ್ಲಿ ಮೇಲಿಂದ ಮೇಲೆ ಉಸಿರಾಡಿ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದಿರುತ್ತದೆ. ಅದು ಇಳಿದರೆ ಮೆದುಳಿನ ರಕ್ತನಾಳಗಳು ಸ್ವಲ್ಪ ಬಿಗಿಯುತ್ತವೆ, ತಲೆ ಹಗುರ ಅನ್ನಿಸುವುದು ಅದರಿಂದ. ರಕ್ತ ಕ್ಷಾರೀಯವಾಗಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ. ಎದೆ ನೋವು ಹೆಚ್ಚಾಗಿ ಪಕ್ಕೆಲುಬಿನ ನಡುವಿನ ಸ್ನಾಯುಗಳದ್ದು. ಗ್ಯಾಸ್ಟ್ರಿಕ್ ಅನ್ನುವ ಗುಮಾನಿಗೂ ಕಾರಣವಿದೆ: ಗಾಬರಿಯಲ್ಲಿ ಗಾಳಿಯನ್ನೂ ನುಂಗುತ್ತಾರೆ, ತೇಗು ಬರುತ್ತದೆ, ಅಷ್ಟರಲ್ಲಿ ಅಟ್ಯಾಕ್ ತಾನಾಗಿ ಇಳಿಯುತ್ತಿರುತ್ತದೆ. ಇಳಿಸಿದ ಹೆಸರು ಮಾತ್ರ ತೇಗಿಗೆ. ನಮ್ಮಲ್ಲಿ ಇದೇ ಕಾರಣಕ್ಕೆ ವರ್ಷಗಟ್ಟಲೆ ಆಸಿಡಿಟಿಯ ಮಾತ್ರೆ ಪ್ಯಾಂಟೊಪ್ರಜೋಲ್ ನುಂಗುವವರಿದ್ದಾರೆ.

ಸಾಮಾನ್ಯವಾಗಿ 10 ನಿಮಿಷದೊಳಗೆ ತಾರಕಕ್ಕೇರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ತಲೆ ತಿರುಗಿ ಬೀಳುವ ಭಯವೂ ಹೆಚ್ಚುಪಾಲು ಆಧಾರವಿಲ್ಲದ್ದು, ಏಕೆಂದರೆ ಆಗ ಬಿಪಿ ಏರಿರುತ್ತದೆ. ರಕ್ತ, ಸೂಜಿ ಕಂಡು ಬೀಳುವವರ ಕಥೆ ಬೇರೆ.

‘ಜೋರಾಗಿ ಉಸಿರು ಎಳ್ಕೋ’ ಅಂತ ಹೇಳಬೇಡಿ, ಅದು ಇನ್ನಷ್ಟು ಕೆಡಿಸುತ್ತದೆ. ಮೂಗಿನಿಂದ 4 ಎಣಿಸುವಷ್ಟು ಮೆಲ್ಲಗೆ ಒಳಗೆ, 6 ಎಣಿಸುವಷ್ಟು ಹೊರಗೆ, ಎದೆಗಿಂತ ಹೊಟ್ಟೆ ಆಡಬೇಕು. ಮುಖಕ್ಕೆ ಕವರ್ ಹಿಡಿಸಿ ಅದರೊಳಗೇ ಉಸಿರಾಡಿಸುವುದು ಬೇಡವೇ ಬೇಡ, ಆಸ್ತಮಾ ಅಥವಾ ನಿಜವಾದ ಹೃದಯಾಘಾತವಾಗಿದ್ದರೆ ಅಪಾಯ. ಮೆಟ್ಟಿಲು ಹತ್ತಿದಾಗ ಮಾತ್ರ ಬರುವ ನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ನಿಜವಾಗಿ ಪ್ರಜ್ಞೆ ತಪ್ಪುವುದು: ಇವು ಕಂಡರೆ ‘ಪ್ಯಾನಿಕ್ಕೇ ಇರಬೇಕು’ ಅಂತ ಕೂರದೆ ಆಸ್ಪತ್ರೆಗೆ ಹೋಗಿ.

ಮೆಟ್ಟಿಲು_ಮೆಟ್ಟಿಲು:
ಮೇಲಿನ ವಿವರಣೆ ಸರಿ. ಆದರೆ 4-6 ಉಸಿರಿನ ಬಗ್ಗೆ ನನ್ನ ತಕರಾರಿದೆ. ‘ಹೀಗೆ ಉಸಿರಾಡದಿದ್ದರೆ ಏನೋ ಆಗಿಬಿಡುತ್ತಿತ್ತು’ ಅನ್ನುವ ನಂಬಿಕೆ ಬೆಳೆದರೆ ಅದೂ ಒಂದು ಊರುಗೋಲು. 1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮುಂದಿಟ್ಟ ಮಾದರಿಯ ಸಾರ ಇದು: ಮೈಯಲ್ಲಿ ಒಂದು ಸಣ್ಣ ಬದಲಾವಣೆ, ಅದಕ್ಕೆ ‘ಹಾರ್ಟ್ ಅಟ್ಯಾಕ್’ ಎಂಬ ಅರ್ಥ, ಆ ಅರ್ಥದಿಂದ ಭಯ, ಭಯದಿಂದ ಮತ್ತಷ್ಟು ಬಡಿತ. ಮುರಿಯಬೇಕಾದದ್ದು ಆ ಅರ್ಥವನ್ನು. ಕೈಯಲ್ಲಿ ನೀರಿನ ಬಾಟಲಿ, ಜೇಬಲ್ಲಿ ಮಾತ್ರೆ, ಬಾಗಿಲ ಪಕ್ಕವೇ ನಿಲ್ಲುವುದು, ಗಳಿಗೆಗೊಮ್ಮೆ ನಾಡಿ ಹಿಡಿಯುವುದು, ಇವೆಲ್ಲ ಆ ಅರ್ಥವನ್ನು ಕಾಪಾಡಿಕೊಂಡು ಬರುತ್ತವೆ.

ಮೊದಲ ಎರಡು ವಾರ ಮನೆಯಲ್ಲೇ, ಆ ಲಕ್ಷಣಗಳನ್ನು ಬೇಕೆಂದೇ ಬರಿಸಿಕೊಳ್ಳುವುದು. ತಿರುಗುವ ಕುರ್ಚಿಯಲ್ಲಿ 1 ನಿಮಿಷ ಸುತ್ತುವುದು. ನಿಂತಲ್ಲೇ 1 ನಿಮಿಷ ಓಡುವುದು. ಮೂಗು ಹಿಡಿದು ಸಣ್ಣ ಸ್ಟ್ರಾದಿಂದ 1 ನಿಮಿಷ ಉಸಿರಾಡುವುದು. 1 ನಿಮಿಷ ಬೇಗಬೇಗ ಉಸಿರಾಡುವುದು. ಮಾಡುವ ಮುಂಚೆ ‘ಏನಾಗುತ್ತದೆ’ ಅಂತ ಒಂದು ಸಾಲು ಬರೆಯಲಿ, ಮುಗಿದ ಮೇಲೆ ಏನಾಯಿತು ಎಂದು ಬರೆಯಲಿ, ಭಯಕ್ಕೆ 0ಯಿಂದ 100ರೊಳಗೆ ಅಂಕ ಕೊಡಲಿ. ಒಂದೊಂದನ್ನೂ ದಿನಕ್ಕೆ 3–4 ಸಲ, ಅಂಕ 20–30ಕ್ಕೆ ಇಳಿಯುವವರೆಗೆ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಆಮೇಲೆ ಮೆಟ್ರೊ. ನೇರಳೆ ಮಾರ್ಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ವಿಜಯನಗರದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೂರು ರೈಲು ಬಿಡುವುದು. ಅದು ಸಪ್ಪೆಯಾದ ಮೇಲೆ ಹೊಸಹಳ್ಳಿವರೆಗೆ ಒಂದೇ ಸ್ಟಾಪ್. ಆಮೇಲೆ ಮಾಗಡಿ ರೋಡ್, ಅಲ್ಲಿವರೆಗೂ ಹಳಿ ಮೇಲೇ ಇದೆ. ಸುರಂಗ ಶುರುವಾಗುವುದು ಅದರಾಚೆ, ಸಿಟಿ ರೈಲ್ವೆ ನಿಲ್ದಾಣಕ್ಕೆ ಹೋಗುವಾಗ. ಅದನ್ನೇ ಒಂದು ಪ್ರತ್ಯೇಕ ಮೆಟ್ಟಿಲು ಮಾಡಿ. ನಂತರ ಮೆಜೆಸ್ಟಿಕ್, ವಿಧಾನಸೌಧ, ಕೊನೆಗೆ ಕಬ್ಬನ್ ಪಾರ್ಕ್ ದಾಟಿ ಮತ್ತೆ ಮೇಲೆ ಬರುವ ಎಂ.ಜಿ. ರೋಡ್. ಪ್ರತಿ ಹಂತ ಮೊದಲು ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ಆಮೇಲೆ ಬೆಳಿಗ್ಗೆ 9ರ ನೂಕುನುಗ್ಗಲಿನಲ್ಲಿ. ನೀವು ಮೊದಲು ಅದೇ ಬೋಗಿಯಲ್ಲಿ, ನಂತರ ಪಕ್ಕದ ಬೋಗಿಯಲ್ಲಿ, ಆಮೇಲೆ ಮನೆಯಲ್ಲಿ.

ಕೆಡುವುದು ಬಹುತೇಕ ಒಂದೇ ಕಡೆ: ಭಯ ತಾರಕದಲ್ಲಿದ್ದಾಗ ಇಳಿದುಬಿಡುವುದು. ಹಾಗೆ ಇಳಿದರೆ ‘ಇಳಿದೆ, ಅದಕ್ಕೇ ಬದುಕಿದೆ’ ಅನ್ನುವ ಪಾಠ ಗಟ್ಟಿಯಾಗುತ್ತದೆ. ಅಕಸ್ಮಾತ್ ಇಳಿದರೆ ಮನೆಗೆ ಬರದೆ ಮುಂದಿನ ರೈಲು ಹತ್ತಲಿ. ಇನ್ನೊಂದು, ವಾರಕ್ಕೊಮ್ಮೆ ಮಾಡಿದರೆ ಉಪಯೋಗವಿಲ್ಲ. ವಾರಕ್ಕೆ 4–5 ದಿನ ಬೇಕು. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ) ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರೆ ಅವರ ಜೊತೆ ಮಾಡುವುದೇ ಲೇಸು. ಬರೀ ಮಾತಾಡಿ ಕಳಿಸುತ್ತಾರೋ, ಇಂಥ ಅಭ್ಯಾಸ ಮಾಡಿಸುತ್ತಾರೋ, ಅದನ್ನು ಮೊದಲ ದಿನವೇ ಕೇಳಿ.

ಔಷಧ_ಕೌಂಟರ್:
ಆಲ್ಪ್ರಜೋಲಾಮ್ ಅನ್ನು ದಿನಾ ತೆಗೆದುಕೊಳ್ಳುತ್ತಿದ್ದವರು ಏಕಾಏಕಿ ನಿಲ್ಲಿಸಬಾರದು. ನಿದ್ದೆಗೆಟ್ಟು, ನಡುಕ ಬಂದು, ಕೆಲವರಿಗೆ ಫಿಟ್ಸ್ ಕೂಡ ಆಗಬಹುದು. ಮನೋವೈದ್ಯರು ವಾರಗಳ ಲೆಕ್ಕದಲ್ಲಿ ಡೋಸ್ ಇಳಿಸುತ್ತಾರೆ. ನಿಲ್ಲಿಸಿದಾಗ ಬರುವ ಚಡಪಡಿಕೆ ಥೇಟ್ ಪ್ಯಾನಿಕ್ ಥರವೇ ಇರುವುದರಿಂದ ‘ಮಾತ್ರೆ ಇಲ್ಲದೆ ಆಗುವುದೇ ಇಲ್ಲ’ ಅಂತ ತಪ್ಪು ತಿಳಿಯುತ್ತಾರೆ. ಇನ್ನೊಂದು ಲೆಕ್ಕ ನೋಡಿ: ನುಂಗಿದ ಮಾತ್ರೆ ಸರಿಯಾಗಿ ಹಿಡಿಯುವ ಹೊತ್ತಿಗೆ ಅಟ್ಯಾಕ್ ಎಷ್ಟೋ ಸಲ ತಾನೇ ಇಳಿದಿರುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಇದು ಎಚ್1 ಪಟ್ಟಿಯ ಔಷಧ, ಅಂಗಡಿಯವರು ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಪರಿಚಯದ ಅಂಗಡಿಯಲ್ಲಿ ಹಾಗೇ ಕೊಡುತ್ತಾರೆ ಅಂತ ತರಬೇಡಿ.

ಔಷಧ ಬೇಕೆಂದಾದರೆ ಮೊದಲ ಆಯ್ಕೆ ಖಿನ್ನತೆ, ಗಾಬರಿ ಎರಡಕ್ಕೂ ಕೊಡುವ ಎಸ್ಎಸ್ಆರ್‌ಐ ಗುಂಪಿನದು, ಎಸ್ಸಿಟಲೊಪ್ರಾಮ್ ಅಥವಾ ಸರ್ಟ್ರಲೀನ್. ಪ್ಯಾನಿಕ್ ಇರುವವರಿಗೆ ಅರ್ಧ ಡೋಸಿನಿಂದ ಶುರು ಮಾಡುತ್ತಾರೆ (ಎಸ್ಸಿಟಲೊಪ್ರಾಮ್ ಆದರೆ 5 ಮಿ.ಗ್ರಾಂ.), ಏಕೆಂದರೆ ಮೊದಲ ವಾರ ಎರಡು ವಾರ ಗಾಬರಿ ಹೆಚ್ಚಾಗಬಹುದು, ವಾಕರಿಕೆ, ಭೇದಿಯೂ ಆಗಬಹುದು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಪರಿಣಾಮ ಕಾಣಲು 2ರಿಂದ 6 ವಾರ. ಗುಣವಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ ಆಮೇಲೆ ಮೆಲ್ಲಗೆ ಇಳಿಸುತ್ತಾರೆ.

ಹೊಸಹಳ್ಳಿ_ಅಕ್ಕ:
ಎಲ್ಲರಿಗೂ ಧನ್ಯವಾದ. ಅಟ್ಯಾಕ್ ಬಂದಾಗ ಮನೆಯವರು ಹೇಗಿರಬೇಕು? ಅಮ್ಮ ಅಳುತ್ತಾರೆ, ಅಪ್ಪ ‘ಗಂಡಸಾಗಿ ಇಷ್ಟಕ್ಕೆಲ್ಲ ಹೆದರ್ತೀಯಾ’ ಅಂತಾರೆ. ವಾಚಿನಲ್ಲಿ ಹಾರ್ಟ್ ರೇಟ್ ನೋಡ್ತಾನೇ ಇರ್ತಾನೆ. ಮನೋವೈದ್ಯರು ಅಂದರೆ ಇಬ್ಬರೂ ಬೇಡ ಅಂತಾರೆ.

ಸಪ್ತಾಪುರದಾಂವ:
ಅಕ್ಕಾರ, ಅಟ್ಯಾಕ್ ಬಂದಾಗ ಒಬ್ಬರs ಬಾಜೂಕ ಕೂಡ್ರಿ, ನಾಕು ಮಂದಿ ಸುತ್ತ ಮುಕರಬ್ಯಾಡ್ರಿ. ‘ಏನೂ ಆಗಿಲ್ಲ’ ಅನ್ನಬ್ಯಾಡ್ರಿ, ಅಂವಗ ಆಗೇತಿ. ‘ಇದು ಪ್ಯಾನಿಕ್, ಹೋದ ಸಲನೂ ಬಂದು ಹೋತು, ಇದೂ ಹೊಕ್ಕೇತಿ’ ಅಂತ ಒಂದs ಸಲ ಹೇಳಿ ಸುಮ್ಮ ಕೂಡ್ರಿ. ಗಳಿಗಿಗೊಮ್ಮೆ ‘ಈಗ ಹ್ಯಾಂಗ ಐತಿ’ ಅಂತ ಕೇಳಿದ್ರ ಅಂವ ಮತ್ತ ಎದಿ ಕಡೆನs ಲಕ್ಷ್ಯ ಕೊಡ್ತಾನ. ವಾಚ್ ಕಸಗೊಬ್ಯಾಡ್ರಿ, ಜಗಳ ಆಗ್ತೈತಿ. ಮೊದಲ ಅಲರ್ಟ್ ಬಂದ್ ಮಾಡಸ್ರಿ, ಆಮ್ಯಾಲ ದಿನಕ್ಕ ಒಂದೆರಡ ತಾಸು ಬಿಚ್ಚಿ ಇಡಸ್ರಿ.

ಮನಿಯವರು ಒಪ್ಪಲಿಲ್ಲಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡ್ರಿ, 14416. ಅಕ್ಟೋಬರ್ 2022ರಾಗ ಶುರು ಆಗೇತಿ, ಪುಕ್ಕಟೆ, 24 ತಾಸೂ ಇರ್ತೈತಿ, ಕನ್ನಡದಾಗ ಮಾತಾಡ್ತಾರ, ಮನಿಯವರೂ ಮಾಡಬಹುದು. ನಿಮಗ ನಿಮ್ಹಾನ್ಸ್ ಹತ್ರನs ಐತಿ, ನಮ್ಮ ಕಡೆಯವರು ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೊಕ್ಕಾರ. ಹಳ್ಳಿ ಕಡೆಯವರು ಇದನ್ನ ಓದಾಕತ್ತಿದ್ರ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಾಗ ತಾಲ್ಲೂಕಾ ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರೂ ವ್ಯವಸ್ಥಾ ಐತಿ, ಹೋಗೂ ಮೊದಲ ವಿಚಾರಿಸಿಕೊಂಡು ಹೋಗ್ರಿ. ಹೋಗೂವಾಗ ಹಳೇ ಇಸಿಜಿ, ರಕ್ತದ ರಿಪೋರ್ಟ್, ಈಗ ತಗೊಳ್ಳೋ ಗುಳಿಗಿ ಚೀಟಿ, ದಿನಕ್ಕ ಎಷ್ಟು ತಗೋತಾನ ಅನ್ನೂದು ಎಲ್ಲಾ ತಗೊಂಡು ಹೋಗ್ರಿ. ಗುಳಿಗಿ ಲೆಕ್ಕ ಕಮ್ಮಿ ಹೇಳಬ್ಯಾಡ್ರಿ, ಅದರ ಮ್ಯಾಲs ಅವರು ಇಳಿಸೂ ಲೆಕ್ಕ ಹಾಕ್ತಾರ.

ಒಂದು ಮಾತ್ರ ತಡ ಮಾಡಬ್ಯಾಡ್ರಿ. ‘ಬದುಕೂದs ಬ್ಯಾಡ’ ಅನ್ನೂ ಮಾತು ಅವನ ಬಾಯಾಗ ಬಂದ್ರ ಒಬ್ಬನ್ನs ಬಿಡಬ್ಯಾಡ್ರಿ, ಗುಳಿಗಿ ಪಾಕೀಟು ನಿಮ್ಮ ಕಡೆ ಇಟ್ಕೊಂಡು ಅವತ್ತs ಎಮರ್ಜೆನ್ಸಿಗೆ ಕರಕೊಂಡು ಹೋಗ್ರಿ.